ಎರಡು ಸ್ಟೀಲ್ ಹಾರ್ಡ್‌ಟೇಲ್ ಫ್ರೇಮ್: ಹಗುರದ್ದು ಕೊಟ್ಟೆ, ಭಾರದ್ದು ಇಟ್ಟುಕೊಂಡೆ

ಹಾರ್ಡ್‌ಟೇಲ್ ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಮೌಂಟನ್ ಸೈಕಲ್. ಅಂಥ ಎರಡು ಫ್ರೇಮು ಓಡಿಸಿದ್ದೇನೆ, ಒಂದು ಹಸಿರು, ಒಂದು ಕಪ್ಪು. ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಕಪ್ಪು ಫ್ರೇಮಿಗೆ. ಅದು ಭಾರ. ಅದರ ಮೇಲೆ ದೊಡ್ಡ ಹೆಸರಿನ ಸ್ಟಿಕ್ಕರ್ ಇಲ್ಲ. ಬೆಲೆ ಹಸಿರು ಫ್ರೇಮಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಹಸಿರನ್ನು ಮೊದಲು ಕೊಂಡೆ, ಎಂಟು ತಿಂಗಳು ಓಡಿಸಿದೆ. ಆಮೇಲೆ ಅದರ ಫೋರ್ಕ್, ಚಕ್ರ, ಬ್ರೇಕ್ ಎಲ್ಲವನ್ನೂ ಬಿಚ್ಚಿ ಕಪ್ಪಿಗೆ ಹಾಕಿ ಈಗ ಒಂದು ವರ್ಷದ ಮೇಲಾಯಿತು. ಹಾಗಾಗಿ ಬದಲಾದದ್ದು ಫ್ರೇಮ್ ಮಾತ್ರ. ಕಂಪನಿಗಳ ಹೆಸರು ಬರೆಯುವುದಿಲ್ಲ. ನಾನು ಹೇಳಲಿರುವ ತೊಂದರೆ ಯಾವುದೋ ಒಂದು ಕಂಪನಿಗೆ ಸೇರಿದ್ದಲ್ಲ, ಬೇರೆ ಬೇರೆಯವರ ಫ್ರೇಮುಗಳಲ್ಲೂ ಸಿಗುತ್ತದೆ.

ಹಸಿರು ಫ್ರೇಮು ರೆನಾಲ್ಡ್ಸ್ 853 ಟ್ಯೂಬಿನದು. ಕಪ್ಪು ಸಾದಾ 4130 ಕ್ರೋಮೊಲಿ, ಅಂದರೆ ಕ್ರೋಮಿಯಂ, ಮಾಲಿಬ್ಡಿನಮ್ ಬೆರೆಸಿದ ಉಕ್ಕು. ನಾನು ಹಸಿರಿನ ಹಿಂದೆ ಬಿದ್ದದ್ದೇ ಆ 853 ಎಂಬ ಅಂಕಿಗೆ. ಸೈಕಲ್ ಟ್ಯೂಬ್ ಮಾಡುವವರಲ್ಲಿ ರೆನಾಲ್ಡ್ಸ್ ಹಳೆಯ ಹೆಸರು. ಟ್ಯೂಬಿನ ತುದಿ ದಪ್ಪ, ನಡು ತೆಳು ಮಾಡುವ ಬಟ್ಟಿಂಗ್ ವಿಧಾನಕ್ಕೆ ಅವರು 1897ರಲ್ಲೇ ಪೇಟೆಂಟ್ ತೆಗೆದುಕೊಂಡವರು. 853 ಬಂದದ್ದು 1995ರಲ್ಲಿ. ಸಾಮಾನ್ಯವಾಗಿ ಬೆಸುಗೆ ಹಾಕಿದ ಜಾಗದ ಸುತ್ತ ಉಕ್ಕು ಸ್ವಲ್ಪ ದುರ್ಬಲವಾಗುತ್ತದೆ, ಆದರೆ 853 ಬೆಸುಗೆಯ ನಂತರ ಗಾಳಿಯಲ್ಲಿ ತಣ್ಣಗಾಗುತ್ತಾ ಅಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಇದು ನಿಜವಾಗಿಯೂ ಒಳ್ಳೆಯ ಗುಣ, ಅದರಲ್ಲಿ ಎರಡು ಮಾತಿಲ್ಲ.

ನಾನು ಎಡವಿದ್ದು ಬೇರೆ ಕಡೆ. 853 ಅಂದರೆ ಓಡಿಸುವಾಗ ಮೈಗೆ ಹಾಯಾಗಿರುತ್ತದೆ, ಸ್ಪ್ರಿಂಗ್ ಥರ ಇರುತ್ತದೆ ಅಂತ ಎಲ್ಲರೂ ಹೇಳುವುದನ್ನು ನಂಬಿಬಿಟ್ಟೆ. ಉಕ್ಕು ಯಾವುದೇ ಇರಲಿ, ಬಾಗುವುದಕ್ಕೆ ಒಡ್ಡುವ ಬಿಗಿ ಹೆಚ್ಚುಕಡಿಮೆ ಒಂದೇ, ಸುಮಾರು 200 ಗಿಗಾಪಾಸ್ಕಲ್. 853 ಜಾಸ್ತಿ ಗಟ್ಟಿ, ಅಂದರೆ ಮುರಿಯಲು, ಶಾಶ್ವತವಾಗಿ ಬಗ್ಗಲು ಜಾಸ್ತಿ ಬಲ ಬೇಕು. ಆ ಗಟ್ಟಿತನದಿಂದ ಗೋಡೆಯನ್ನು ತೆಳುವಾಗಿಸಬಹುದು, ತೂಕ ಇಳಿಯುತ್ತದೆ. ಕೂತಾಗ ಹಾಯಾಗಿದೆಯೋ ಇಲ್ಲವೋ ಅನ್ನುವುದು ಟ್ಯೂಬ್ ಎಷ್ಟು ಅಗಲ, ಗೋಡೆ ಎಷ್ಟು ದಪ್ಪ, ಹಿಂದಿನ ತ್ರಿಕೋನ ಹೇಗಿದೆ ಅನ್ನುವುದರ ಮೇಲೆ ನಿಂತಿದೆ. ಎಲ್ಲಕ್ಕಿಂತ ಜಾಸ್ತಿ ಟೈರಿನ ಮೇಲೆ. ಹಿಂದಿನ 2.4 ಇಂಚಿನ ಟೈರಿನಲ್ಲಿ 25 ಇದ್ದ ಗಾಳಿಯನ್ನು 22 ಪಿಎಸ್‌ಐಗೆ ಇಳಿಸಿದಾಗ ಆದ ವ್ಯತ್ಯಾಸ, ಫ್ರೇಮು ಬದಲಾಯಿಸಿದಾಗ ನನಗೆ ಕಾಣಲಿಲ್ಲ.

ತೂಕ ಮಾತ್ರ ನಿಜ. ಲಗೇಜ್ ತೂಗುವ ಡಿಜಿಟಲ್ ತಕ್ಕಡಿಗೆ ಎರಡನ್ನೂ ನೇತುಹಾಕಿ ನೋಡಿದೆ. ಹಸಿರು 2.4 ಕಿಲೋ, ಕಪ್ಪು 2.9. ಅರ್ಧ ಕಿಲೋ ಕೈಯಲ್ಲಿ ಎತ್ತಿದರೆ ಗೊತ್ತಾಗುತ್ತದೆ. ಏರು ಹತ್ತುವಾಗ, ನನ್ನ ಮೈತೂಕ, ನೀರು, ಬ್ಯಾಗು ಎಲ್ಲ ಸೇರಿದ ಮೇಲೆ, ನನಗಂತೂ ಗೊತ್ತಾಗಲಿಲ್ಲ.

ಈಗ ಆ ಒಂದು ತೊಂದರೆಗೆ ಬರುತ್ತೇನೆ. ಇದಕ್ಕಾಗಿಯೇ ಬರೆಯಲು ಕೂತದ್ದು.

ನನ್ನ ಹತ್ತಿರ ಹಳೆಯ ಸೈಕಲ್ಲಿನಿಂದ ಬಿಚ್ಚಿದ 170 ಮಿ.ಮೀ. ಡ್ರಾಪರ್ ಪೋಸ್ಟ್ ಇತ್ತು, ಅಂದರೆ ಓಡಿಸುತ್ತಲೇ ಲಿವರ್ ಒತ್ತಿ ಸೀಟನ್ನು ಅಷ್ಟು ಕೆಳಗಿಳಿಸಬಹುದಾದ ಸೀಟಿನ ಕಂಬ. ದಪ್ಪ 30.9 ಮಿ.ಮೀ. ಅದು ಇಳಿಯುವ ಹಸಿರು ಫ್ರೇಮಿನ ಸೀಟ್ ಟ್ಯೂಬಿನ ಒಳ ಅಗಲವೂ 30.9. ಅಳತೆ ಹೊಂದಿತಲ್ಲ, ಮುಗಿಯಿತು ಅಂದುಕೊಂಡೆ. ಕೇಬಲ್ ಎಳೆದು, ಗ್ರೀಸ್ ಹಚ್ಚಿ ಪೋಸ್ಟನ್ನು ಇಳಿಸಿದೆ. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಇಳಿದು ಟಕ್ ಅಂತ ನಿಂತಿತು. ಕೇಬಲ್ ಮಡಚಿಕೊಂಡಿರಬೇಕು ಅಂತ ತೆಗೆದು ಮತ್ತೆ ಹಾಕಿದೆ. ಮತ್ತೆ ಅಲ್ಲೇ ಟಕ್. ಸ್ವಲ್ಪ ತಿರುಗಿಸಿ ಒತ್ತಿದೆ. ಕಿರ್ರ್ ಅಂತ ಸದ್ದು ಬಂತು, ಕೂಡಲೇ ನಿಲ್ಲಿಸಿದೆ. ಹೊರಗೆ ತೆಗೆದು ನೋಡಿದರೆ ಪೋಸ್ಟಿನ ತಳದ ಕಪ್ಪು ಬಣ್ಣದ ಮೇಲೆ ಎರಡು ಬೆಳ್ಳಿ ಗೀರು. ಒಂದು ಉಗುರಿನಷ್ಟು ಉದ್ದ, ಇನ್ನೊಂದು ಅದಕ್ಕಿಂತ ಚಿಕ್ಕದು. ಬೆರಳಾಡಿಸಿದರೆ ಅಂಚು ಚುಚ್ಚುತ್ತಿತ್ತು.

ಟಾರ್ಚ್ ಬಿಟ್ಟು ಟ್ಯೂಬಿನೊಳಗೆ ನೋಡಿದೆ. ಬಾಟಲ್ ಹಿಡಿಕೆಯ ಬೋಲ್ಟ್ ಕೂರುವ ಬಾಸ್, ಹೊರಗಿನಿಂದ ಚಿಕ್ಕ ತೂತಿನಂತೆ ಕಾಣುತ್ತದಲ್ಲ, ಅದು ಒಳಗೆ ಮೂರು ನಾಲ್ಕು ಮಿ.ಮೀ. ಉಬ್ಬಿನಂತೆ ಚಾಚಿಕೊಂಡಿತ್ತು. ಪೋಸ್ಟು ಅದಕ್ಕೇ ಬಡಿಯುತ್ತಿತ್ತು. ಅದನ್ನು ದಾಟಿಸಿದರೂ ಪ್ರಯೋಜನವಿರಲಿಲ್ಲ. ಇನ್ನೂ ಮೂರು ಸೆಂ.ಮೀ. ಕೆಳಗೆ ಟ್ಯೂಬೇ ಬಾಗಿದೆ. 29 ಇಂಚಿನ ಚಕ್ರವನ್ನು ಆದಷ್ಟು ಒಳಗೆ ತಂದು, ಚೈನ್‌ಸ್ಟೇ (ಪೆಡಲಿನ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿಗೆ ಹೋಗುವ ಟ್ಯೂಬ್) 425 ಮಿ.ಮೀ.ನಲ್ಲಿ ನಿಲ್ಲಿಸಲು ಸೀಟ್ ಟ್ಯೂಬನ್ನು ಬಗ್ಗಿಸಿದ್ದಾರೆ. ಕೊಳ್ಳುವಾಗ ಆ ಬಾಗು ನನಗೆ ಚೆಂದ ಕಂಡಿತ್ತು, ಹಿಂದಿನ ಚಕ್ರ ಒಳಗೆ ಕೂತಂತೆ ಇರುತ್ತದೆ ಅಂತ. ಅದರೊಳಗೆ ನೇರವಾದ ಪೋಸ್ಟು ಇಳಿಯಬೇಕು ಅನ್ನುವುದು ತಲೆಗೆ ಬರಲೇ ಇಲ್ಲ.

ಮರದ ಕಡ್ಡಿಗೆ ಟೇಪ್ ಸುತ್ತಿ ಅಳೆದೆ. ಮೇಲಿನ ಅಂಚಿನಿಂದ ಬಾಸ್ ತನಕ 19 ಸೆಂ.ಮೀ. ನನಗೆ ಬೇಕಿದ್ದದ್ದು 23. ಪೆಡಲ್ ತುಳಿಯುವಾಗ ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು ತಿರುಗುವ ಜಾಗ) ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ನನಗೆ 72 ಸೆಂ.ಮೀ. ಸರಿ. ಹಸಿರಿನ ಸೀಟ್ ಟ್ಯೂಬ್ 44. ಅಂದರೆ 28 ಸೆಂ.ಮೀ. ಹೊರಗೆ ಇರಬೇಕು, ಉಳಿದದ್ದೆಲ್ಲ ಒಳಗೆ. ಆ ಉಳಿದದ್ದು ನನ್ನ ಪೋಸ್ಟಿನಲ್ಲಿ 23. ನಾಲ್ಕು ಸೆಂ.ಮೀ. ಕಡಿಮೆ ಬಿತ್ತು. ಸೀಟು ಅಷ್ಟು ಎತ್ತರ ಇಟ್ಟುಕೊಂಡು ತುಳಿದರೆ ಸೊಂಟ ಆ ಕಡೆ ಈ ಕಡೆ ಅಲ್ಲಾಡುತ್ತದೆ, ಒಂದು ಗಂಟೆಯಲ್ಲಿ ಮಂಡಿಯ ಹಿಂಭಾಗ ಹಿಡಿದುಕೊಳ್ಳುತ್ತದೆ. ಅದು ಆಗದ ಮಾತು.

ಸ್ನೇಹಿತನಿಂದ 150ರ ಪೋಸ್ಟ್ ತಂದು ಹಾಕಿದೆ. ಅದಕ್ಕೆ 18.5 ಸೆಂ.ಮೀ. ಸಾಕಾಗುತ್ತದೆ, ಲೆಕ್ಕದಲ್ಲಿ ಹಿಡಿಯಬೇಕು. ಹಿಡಿಯಿತು ಕೂಡ. ಆದರೆ ಕೇಬಲ್ ಬಂದು ಸೇರುವುದು ಪೋಸ್ಟಿನ ತಳಕ್ಕೇ ಅಲ್ವಾ, ಅದರ ಹೊರಕವಚ ಬಾಸ್ ಪಕ್ಕದಲ್ಲಿ ಒತ್ತಿಕೊಂಡು ಮಡಚಿಹೋಯಿತು. ಹ್ಯಾಂಡಲ್ ಮೇಲಿನ ಲಿವರ್ ಒತ್ತಲು ಹೆಬ್ಬೆರಳಿನ ಪೂರ್ತಿ ಬಲ ಬೇಕಾಯಿತು. ಬಿಟ್ಟರೆ ಲಿವರ್ ವಾಪಸ್ ಬರುತ್ತಿರಲಿಲ್ಲ, ಸೀಟು ಕೂತಲ್ಲಿ ನಿಲ್ಲದೆ ಮೆಲ್ಲಗೆ ಕುಸಿಯುತ್ತಿತ್ತು. ಒಂದು ಸಂಜೆ ಪೂರ್ತಿ ಅದರ ಜೊತೆ ಗುದ್ದಾಡಿದೆ. ಬಾಸನ್ನು ಒಳಗಿನಿಂದ ಅರ ಹಾಕಿ ತೆಗೆಯೋಣವೆಂದರೆ ಅಷ್ಟು ಆಳಕ್ಕೆ ಅರ ಹೋಗುವುದಿಲ್ಲ. ಹೋದರೂ ನಾನು ಮಾಡುತ್ತಿರಲಿಲ್ಲ, 853ರ ನಡುಭಾಗದ ಗೋಡೆ ಒಂದು ಮಿ.ಮೀ. ಕೂಡ ದಪ್ಪ ಇರುವುದಿಲ್ಲ.

ಕೊನೆಗೆ 125ರ ಪೋಸ್ಟ್ ಕೊಂಡೆ. ಎಂಟು ತಿಂಗಳು ಓಡಿಸಿದ್ದು ಅದರಲ್ಲೇ. 170ಕ್ಕೂ 125ಕ್ಕೂ ಇರುವುದು ನಾಲ್ಕೂವರೆ ಸೆಂ.ಮೀ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಕಡಿದಾದ ಇಳಿಜಾರಿನಲ್ಲಿ, ಕಲ್ಲಿನ ಮೆಟ್ಟಿಲು ಬಂದಾಗ, ಹಾರ್ಡ್‌ಟೇಲಿನಲ್ಲಿ ಹಿಂದಿನ ಸಸ್ಪೆನ್ಷನ್ ನಿಮ್ಮ ಕಾಲುಗಳೇ. ಹಿಂದಿನ ಚಕ್ರ ಕಲ್ಲಿಗೆ ಬಡಿದು ಮೇಲೆದ್ದರೆ ಅದರ ಜೊತೆ ಸೀಟೂ ಮೇಲೆ ಬರುತ್ತದೆ, ಅದಕ್ಕೆ ಬರಲು ಜಾಗ ಬೇಕು. ನನಗೆ ಆ ಜಾಗ ಇರಲಿಲ್ಲ. ಸೀಟು ತೊಡೆಗೆ ಬಡಿದು ಮೈಯನ್ನು ಮುಂದಕ್ಕೆ ತಳ್ಳುತ್ತಿತ್ತು. ಮೊದಲು ಧೈರ್ಯದಿಂದ ಇಳಿಯುತ್ತಿದ್ದ ಒಂದು ಇಳಿಜಾರಿನಲ್ಲಿ ಮೂರು ಸಲ ಕಾಲು ಕೆಳಗಿಟ್ಟೆ. ಆ ಇಳಿಜಾರೇನೂ ಬದಲಾಗಿರಲಿಲ್ಲ.

ಕಪ್ಪು ಫ್ರೇಮಿನ ಸೀಟ್ ಟ್ಯೂಬ್ ಮೇಲಿನಿಂದ ಕೆಳಗಿನವರೆಗೆ ಕೋಲಿನಂತೆ ನೇರ. ಉದ್ದ 41 ಸೆಂ.ಮೀ. ಮಾತ್ರ, ಒಳಗೆ ಸಿಗುವ ಜಾಗ 28. ಬಾಟಲ್ ಬಾಸ್ ಸೀಟ್ ಟ್ಯೂಬಿನಲ್ಲಿ ಇಲ್ಲವೇ ಇಲ್ಲ, ಮುಂದಿನಿಂದ ಓರೆಯಾಗಿ ಪೆಡಲಿನ ಕಡೆ ಇಳಿಯುವ ಡೌನ್ ಟ್ಯೂಬಿನಲ್ಲಿ ಇದೆ. ಅದೇ ಗೀರು ಬಿದ್ದ 170ರ ಪೋಸ್ಟ್ ಐದು ನಿಮಿಷದಲ್ಲಿ ಕೂತಿತು. ನನ್ನ ಎತ್ತರಕ್ಕೆ 200 ಹಾಕಿದರೂ ಜಾಗ ಉಳಿಯುತ್ತದೆ. ಇದಕ್ಕೆ ಬದಲಾಗಿ ಚೈನ್‌ಸ್ಟೇ 440 ಆಗಿದೆ. ಮುಂದಿನ ಚಕ್ರ ಎತ್ತಲು ಸ್ವಲ್ಪ ಜಾಸ್ತಿ ಎಳೆಯಬೇಕು. ಕಡಿದಾದ ಏರಿನಲ್ಲಿ ಮಾತ್ರ ಮುಂದಿನ ಚಕ್ರ ಅಲೆದಾಡದೆ ನೆಲ ಹಿಡಿದು ಹೋಗುತ್ತದೆ. ನಾನು ಗಾಳಿಯಲ್ಲಿ ಹಾರುವವನಲ್ಲ, ಗಂಟೆಗಟ್ಟಲೆ ಹತ್ತಿ ಇಳಿಯುವವನು. ನನಗೆ ಇದೇ ಹಿತ.

ಹಾಗಾಗಿ ಫ್ರೇಮು ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿ: ಪೋಸ್ಟು ಎಷ್ಟು ಆಳಕ್ಕೆ ಇಳಿಯುತ್ತದೆ? ಈಗ ಕೆಲವು ಕಂಪನಿಗಳು ಅಳತೆಯ ಪಟ್ಟಿಯಲ್ಲೇ ಇದನ್ನು ಹಾಕುತ್ತವೆ. ಹಾಕದಿದ್ದರೆ ಬರೆದು ಕೇಳಿ. ಸೀಟ್ ಟ್ಯೂಬಿನ ಉದ್ದ ಒಂದೇ ನೋಡಿದರೆ ಸಾಲದು. ಬಳಸಿದ ಫ್ರೇಮಾದರೆ ಕಡ್ಡಿ ಹಿಡಿದುಕೊಂಡೇ ಹೋಗಿ, ಟಾರ್ಚೂ ಇರಲಿ.

ಹೆಡ್ ಆಂಗಲ್, ಅಂದರೆ ಮುಂದಿನ ಫೋರ್ಕ್ ಎಷ್ಟು ಓರೆಯಾಗಿದೆ ಅನ್ನುವ ಕೋನ, ಅದರ ಬಗ್ಗೆ ಸ್ವಲ್ಪ ಹೇಳಬೇಕು. ಹಸಿರು 67 ಡಿಗ್ರಿ, ಕಪ್ಪು 65.5. ಕಾಗದದ ಮೇಲೆ ಕಪ್ಪು ತೀರಾ ಮಲಗಿದಂತೆ ಕಾಣುತ್ತದೆ. ಆದರೆ ಹಾರ್ಡ್‌ಟೇಲಿನಲ್ಲಿ ಹತ್ತಿ ಕೂತ ಕೂಡಲೇ ಮುಂದೆ ಮಾತ್ರ ಕುಸಿಯುತ್ತದೆ, ಹಿಂದೆ ಕುಸಿಯಲು ಏನೂ ಇಲ್ಲ. ನನ್ನದು 130 ಮಿ.ಮೀ. ಫೋರ್ಕ್, ನಾನು ಕೂತರೆ ಕಾಲು ಭಾಗ, ಸುಮಾರು 32 ಮಿ.ಮೀ. ಕುಸಿಯುತ್ತದೆ. ಫೋರ್ಕ್ 20 ಮಿ.ಮೀ. ಇಳಿದರೆ ಕೋನ ಹೆಚ್ಚುಕಡಿಮೆ ಒಂದು ಡಿಗ್ರಿ ನೆಟ್ಟಗಾಗುತ್ತದೆ. ಹಾಗೆ ಲೆಕ್ಕ ಹಾಕಿದರೆ ಹಸಿರು ಓಡುವಾಗ 68.5ರ ಹತ್ತಿರ, ಬ್ರೇಕ್ ಹಿಡಿದರೆ ಇನ್ನೂ ಮೇಲೆ. ಇಳಿಜಾರಿನಲ್ಲಿ ಮುಂದಿನ ಚಕ್ರ ಕಾಲಡಿಗೆ ಬಂದುಬಿಟ್ಟ ಹಾಗೆ ಆಗುತ್ತಿತ್ತು. ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್ಲಿನ ಕೋನ ನೋಡಿ ಹಾರ್ಡ್‌ಟೇಲಿಗೆ ಅದೇ ಕೋನ ಸಾಕು ಅಂದುಕೊಳ್ಳಬೇಡಿ. ಸೀಟಿನ ಕೋನವೂ ಹಾಗೇ ನೆಟ್ಟಗಾಗುತ್ತದೆ, ಅದು ಏರಿಗೆ ಒಳ್ಳೆಯದೇ.

ಬಾಟಮ್ ಬ್ರಾಕೆಟ್ ಎರಡರಲ್ಲೂ 73 ಮಿ.ಮೀ., ಒತ್ತಿ ಕೂರಿಸುವುದಲ್ಲ, ತಿರುಪಿ ಕೂರಿಸುವ ಥ್ರೆಡ್ ಇರುವಂಥದ್ದು. ದೇವರು ದೊಡ್ಡವನು.

ಹಿಂದಿನ ಚಕ್ರದ ಅಚ್ಚು ಕೂರುವ ಡ್ರಾಪ್‌ಔಟ್ ಹಸಿರಿನಲ್ಲಿ ಜಾರಿಸುವಂಥದ್ದು, ಒಂದೇ ಗೇರಿನಲ್ಲಿ ಓಡಿಸುವವರಿಗೆ ಚೈನ್ ಬಿಗಿ ಮಾಡಲು ಅನುಕೂಲ. ನಾನು ಗೇರು ಬಿಡುವವನಲ್ಲ. ನನಗೆ ಸಿಕ್ಕಿದ್ದು ತಿಂಗಳಿಗೊಮ್ಮೆ ಬಿಗಿ ಮಾಡಬೇಕಾದ ನಾಲ್ಕು ಬೋಲ್ಟು ಮತ್ತು ಏರಿನಲ್ಲಿ ಕಿಚ್ ಕಿಚ್ ಸದ್ದು. ಕಪ್ಪಿನದು ಸಾದಾ 148 ಮಿ.ಮೀ. ಬೂಸ್ಟ್ ಅಳತೆ, ಹಿಂದಿನ ಗೇರು ಬದಲಿಸುವ ಡಿರೇಲರ್ ನೇತುಬೀಳುವುದು ಯುಡಿಎಚ್ ಎಂಬ ಹ್ಯಾಂಗರ್‌ಗೆ. ಸ್ರಾಮ್ 2019ರಲ್ಲಿ ಈ ಹ್ಯಾಂಗರನ್ನು ತಂದ ಮೇಲೆ ಇದಕ್ಕೆ ಹೊಂದುವಂತೆ ಮಾಡಿದ ಬೇರೆ ಬೇರೆ ಕಂಪನಿಗಳ ಫ್ರೇಮಿಗೂ ಒಂದೇ ಹ್ಯಾಂಗರ್ ಸಾಕಾಗುತ್ತದೆ. ಒಂದು ಬಿಡಿ ಹ್ಯಾಂಗರ್ ಬ್ಯಾಗಿನಲ್ಲಿ ಯಾವಾಗಲೂ ಇಟ್ಟಿರುತ್ತೇನೆ.

ಕೇಬಲ್ ವಿಷಯದಲ್ಲೂ ಕಪ್ಪೇ ಮೇಲು. ಹಸಿರಿನಲ್ಲಿ ಹಿಂದಿನ ಬ್ರೇಕಿನ ಪೈಪು ಡೌನ್ ಟ್ಯೂಬಿನ ಒಳಗೆ ಹೋಗುತ್ತದೆ. ಬ್ರೇಕ್ ಬಿಚ್ಚಬೇಕೆಂದರೆ ಪೈಪಿನ ಜೋಡಣೆಯನ್ನೇ ಬಿಚ್ಚಬೇಕು, ಮತ್ತೆ ಎಣ್ಣೆ ತುಂಬಿ ಬ್ಲೀಡ್ ಮಾಡಬೇಕು, ಅಂದರೆ ಒಳಗಿನ ಗಾಳಿ ಹೊರಹಾಕಬೇಕು. ನನ್ನ ಸೈಕಲ್ ಕೆಲಸ ನಾನೇ ಮಾಡಿಕೊಳ್ಳುವವನು, ಹೀಗಾಗಿ ಇದು ನೇರವಾಗಿ ನನ್ನ ಭಾನುವಾರಕ್ಕೆ ಬೀಳುತ್ತದೆ. ಕಪ್ಪಿನಲ್ಲಿ ಡ್ರಾಪರ್ ಕೇಬಲ್ ಮಾತ್ರ ಒಳಗೆ, ಉಳಿದದ್ದು ಹೊರಗೆ ಕ್ಲಿಪ್ಪಿನಲ್ಲಿ.

ತುಕ್ಕಿನ ಬಗ್ಗೆ ಎರಡಕ್ಕೂ ಒಂದೇ ಆರೈಕೆ. ಮಳೆಯಲ್ಲಿ ಓಡಿಸಿ ಬಂದರೆ ಪೋಸ್ಟ್ ತೆಗೆದು ಸೈಕಲ್ಲನ್ನು ತಲೆಕೆಳಗೆ ಮಾಡಿ ಒಂದು ರಾತ್ರಿ ಬಿಡುತ್ತೇನೆ. ಜೋಡಿಸುವ ಮೊದಲೇ ಒಳಗೆ ಅಗಸೆ ಎಣ್ಣೆ ಸುರಿದು, ಫ್ರೇಮನ್ನು ಎಲ್ಲ ಕಡೆ ತಿರುಗಿಸಿ ಹರಿಸಿ, ಒಣಗಲು ಬಿಟ್ಟಿದ್ದೆ. ಕಪ್ಪಿನ ಬಾಟಮ್ ಬ್ರಾಕೆಟ್ ಅಡಿಯಲ್ಲಿ ನೀರು ಇಳಿಯಲು ತೂತು ಇದೆ, ಹಸಿರಿನಲ್ಲಿ ಇರಲಿಲ್ಲ. ಆ ತೂತು ಮಣ್ಣಿನಿಂದ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು.

ದುಡ್ಡಿನ ಲೆಕ್ಕ ಹೀಗೆ. ಎರಡು ಫ್ರೇಮುಗಳ ಬೆಲೆಯ ನಡುವೆ ಇದ್ದ ಅಂತರದಲ್ಲಿ ಒಳ್ಳೆಯ ಜೋಡಿ ಟೈರು, ಹಿಂದಿನ ಟೈರಿನೊಳಗೆ ಹಾಕುವ ಫೋಮ್ ಇನ್ಸರ್ಟ್, ಫೋರ್ಕಿನ ಪೂರ್ತಿ ಸರ್ವಿಸ್ ಮೂರೂ ಆಗುತ್ತಿತ್ತು. ನಾನು ಮೊದಲೇ ಕಪ್ಪನ್ನು ಕೊಂಡಿದ್ದರೆ ಬೇಡದ 125ರ ಪೋಸ್ಟಿನ ದುಡ್ಡೂ ಉಳಿಯುತ್ತಿತ್ತು. ಬಜೆಟ್ ಬಿಗಿ ಇದ್ದರೆ 4130 ಫ್ರೇಮು, ಒಳ್ಳೆಯ ಫೋರ್ಕು, ಒಳ್ಳೆಯ ಟೈರು, ಈ ಸಾಲಿನಲ್ಲೇ ಖರ್ಚು ಮಾಡಿ ಅನ್ನುತ್ತೇನೆ. ಇನ್ನೊಂದು ಮಾತು, 4130 ಎಲ್ಲಾದರೂ ಬಿರುಕು ಬಿಟ್ಟರೆ ಟಿಗ್ ಬೆಸುಗೆ ಚೆನ್ನಾಗಿ ಗೊತ್ತಿರುವವರು ಬೆಸೆದುಕೊಡಬಲ್ಲರು. ತೆಳು ಗೋಡೆಯ 853ಗೆ ಇನ್ನೂ ಪಳಗಿದ ಕೈ ಬೇಕು.

ಹಸಿರು ಫ್ರೇಮು ಕೆಟ್ಟದ್ದೇ? ಇಲ್ಲ. ನನಗೆ 150ರ ಪೋಸ್ಟ್ ಕೊಟ್ಟಿದ್ದ ಸ್ನೇಹಿತನಿಗೇ ಅದನ್ನು ಕೊಟ್ಟೆ. ಅವನ ಕಾಲು ನನ್ನದಕ್ಕಿಂತ ಉದ್ದ, ಸೀಟಿನ ಎತ್ತರ 79 ಸೆಂ.ಮೀ. ಅಷ್ಟು ಹೊರಗೆ ನಿಂತರೆ 170ರ ಪೋಸ್ಟಿಗೆ ಒಳಗೆ 16 ಸೆಂ.ಮೀ. ಸಾಕು, ಬಾಸ್ ಮುಟ್ಟುವುದೇ ಇಲ್ಲ. ಅವನು ಒಂದೇ ಗೇರಿನಲ್ಲಿ ಓಡಿಸುವವನು, ಜಾರುವ ಡ್ರಾಪ್‌ಔಟ್ ಅವನಿಗೆ ಬೇಕಾದದ್ದೇ. ಹೋದ ವಾರ ಜೊತೆಯಲ್ಲಿ ಹೋಗಿದ್ದೆವು. ಏರಿನಲ್ಲಿ ಅವನು ಮುಂದೆ ಹೋಗಿಬಿಟ್ಟ. ನಾನು ಕಾಲು ಕೆಳಗಿಡುತ್ತಿದ್ದೆನಲ್ಲ, ಆ ಇಳಿಜಾರಿನಲ್ಲಿ ಸೀಟು ಪೂರ್ತಿ ಇಳಿಸಿ, ಕಾಲಿಡದೆ, ಅವನ ಹಿಂದೆಯೇ ಕೆಳಗಿನವರೆಗೆ ಬಂದೆ.