ಮಲ್ಪೆಯ ಉಪ್ಪುಗಾಳಿಯಲ್ಲಿ ನಾಲ್ಕು ಮಳೆಗಾಲ: ಸೀಸಾನಿಕ್ ಫೋಕಸ್ ಜಿಎಕ್ಸ್-650 ಎಸ್‌ಎಂಪಿಎಸ್

ಹಳೆಯದು ಕೈಕೊಡದೇ ಇದ್ದಿದ್ದರೆ ಎಸ್‌ಎಂಪಿಎಸ್ ಅನ್ನುವ, ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸಿ ಕೊಡುವ ಡಬ್ಬದ ಕಡೆ ನಾನು ತಿರುಗಿಯೂ ನೋಡುತ್ತಿರಲಿಲ್ಲ.

ನನ್ನದು ವೀಡಿಯೊ ಎಡಿಟಿಂಗ್ ಕೆಲಸ. ಜಾಸ್ತಿ ಮದುವೆ, ಮೇಳಗಳ ತಿರುಗಾಟ ಶುರುವಾದರೆ ಯಕ್ಷಗಾನ. ಇಡೀ ರಾತ್ರಿಯ ಆಟವನ್ನು ರೆಂಡರಿಗೆ (ಎಡಿಟ್ ಮಾಡಿದ್ದನ್ನು ಪೂರ್ತಿ ವೀಡಿಯೊ ಫೈಲ್ ಮಾಡುವ ಕೆಲಸಕ್ಕೆ) ಹಾಕಿ ಮಲಗಿದರೆ, ಬೆಳಿಗ್ಗೆ ನೋಡುವಾಗ ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿ ಏನೂ ಗೊತ್ತಿಲ್ಲದವರ ಹಾಗೆ ಕೂತಿರುತ್ತಿತ್ತು. ರ‍್ಯಾಮ್ ಬದಲಿಸಿದೆ, ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದೆ, ಮಂಡೆಬಿಸಿ ಮಾಡಿಕೊಂಡದ್ದು ಬಿಟ್ಟರೆ ಏನೂ ಆಗಲಿಲ್ಲ. ಕೊನೆಗೆ ಒಂದು ದಿನ ಕ್ಯಾಬಿನೆಟ್ ಬಿಚ್ಚಿ ಎಸ್‌ಎಂಪಿಎಸ್‌ನ ಲೇಬಲ್ ಓದಿದೆ.

ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್. ಕೆಳಗೆ ಸಣ್ಣಕ್ಷರದ ಪಟ್ಟಿಯಲ್ಲಿ 12 ವೋಲ್ಟಿನ ಎದುರು 16 ಆಂಪಿಯರ್. ಗುಣಿಸಿ ನೋಡಿ, 192 ವ್ಯಾಟ್ ಅಷ್ಟೇ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಈ 12 ವೋಲ್ಟಿನ ಬಟ್ಟಲಿನಿಂದಲೇ. ನನ್ನ ಪ್ರೊಸೆಸರ್ ರೈಜೆನ್ 5 3600 ಪೂರ್ತಿ ದುಡಿಯುವಾಗ 88 ವ್ಯಾಟಿನ ತನಕ ಎಳೆಯುತ್ತದೆ, ಆಗ ಇದ್ದ ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1660 ಸೂಪರ್ 125. ಇವೆರಡೇ 200 ದಾಟಿದವು. ಉಳಿದ ವ್ಯಾಟ್ ಎಲ್ಲಿ ಅಂತ ಕೇಳಿದರೆ, 5 ಮತ್ತು 3.3 ವೋಲ್ಟಿನ ಲೆಕ್ಕವನ್ನೂ ಸೇರಿಸಿ ಉಬ್ಬಿಸಿದ್ದು, ಈಗಿನ ಕಂಪ್ಯೂಟರಿಗೆ ಅದು ಅಷ್ಟೊಂದು ಬೇಕಾಗುವುದೇ ಇಲ್ಲ. ಒಳಗೆ ಎರಡು ಕೆಪಾಸಿಟರ್‌ಗಳ ತಲೆ ಕೂಡ ಉಬ್ಬಿತ್ತು, ಅಂದರೆ ಅವು ಹಾಳಾಗಿದ್ದವು!

2021ರ ಜೂನಿನಲ್ಲಿ ಈ ಸೀಸಾನಿಕ್ ತಗೊಂಡೆ. ಹಳೆಯದರ ಏಳೆಂಟು ಪಟ್ಟು ಬೆಲೆ. ಇದರ ಲೇಬಲ್‌ನಲ್ಲಿ 12 ವೋಲ್ಟಿಗೆ 54 ಆಂಪಿಯರ್ ಅಂತ ಇದೆ, ಅಂದರೆ 648 ವ್ಯಾಟ್, ಹೆಸರಿಗೂ ಲೆಕ್ಕಕ್ಕೂ ತಾಳೆಯಾಗುತ್ತದೆ. ಅಂಗಡಿಯಲ್ಲಿ ಬೇರೇನೂ ನೋಡದಿದ್ದರೂ ಈ ಒಂದು ಸಾಲು ನೋಡಿ.

ಹಾಕಿದ ಮೊದಲ ದಿನವೇ ಒಂದು ಪೇಚಾಟ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಂ ಅನ್ನುತ್ತಿತ್ತು. ಹೊಸ ಮಾಲೇ ಹಾಳು ಅಂತ ವಾಪಸ್ ಕಳಿಸಲು ಪ್ಯಾಕ್ ಕೂಡ ಮಾಡಿದ್ದೆ. ಅಷ್ಟರಲ್ಲಿ ಬಂದ ಎಲೆಕ್ಟ್ರಿಷಿಯನ್ ಸ್ವಿಚ್ ಬೋರ್ಡ್ ಬಿಚ್ಚಿ, "ಎಂತ ಮಾರ್ರೆ, ನಿಮ್ಮ ಪ್ಲಗ್ಗಿಗೆ ಅರ್ತೇ ಇಲ್ಲ ಅಲ್ವಾ!" ಅಂದರು. ಹಳೆಯ ಮನೆ. ಮೂರನೇ ತೂತು ಸುಮ್ನೆ ಚಂದಕ್ಕೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಚೂರು ಕರೆಂಟು ಅರ್ತಿಗೆ ಹರಿಯುತ್ತಲೇ ಇರುತ್ತದೆ, ಅದಕ್ಕೆ ದಾರಿ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೇ ನಿಲ್ಲುತ್ತದೆ, ನಾವು ಮುಟ್ಟಿದಾಗ ನಾವೇ ದಾರಿ. ಹೊಸ ಅರ್ತ್ ಗುಂಡಿ ಮಾಡಿಸಿದ ಮೇಲೆ ಜುಂ ಹೋಯಿತು. ಏಪ್ರಿಲ್, ಮೇ ತಿಂಗಳಲ್ಲಿ ಮುರಕಲ್ಲಿನ ನೆಲ ಒಣಗಿರುತ್ತದಲ್ಲ, ಆಗ ಬಾವಿಯ ನೀರು ಒಂದೆರಡು ಕೊಡಪಾನ ಆ ಗುಂಡಿಗೆ ಹೊಯ್ಯುತ್ತೇನೆ. ಅಮ್ಮ ಅದನ್ನು ಕಂಪ್ಯೂಟರಿನ ತುಳಸಿಕಟ್ಟೆ ಅನ್ನುತ್ತಾರೆ.

ಇದಕ್ಕಿರುವ 80 ಪ್ಲಸ್ ಗೋಲ್ಡ್ ದರ್ಜೆ ನೋಡಿ ಬಹಳ ಜನ ಮೂಗು ಮುರಿಯುತ್ತಾರೆ ಅಥವಾ ಮರುಳಾಗುತ್ತಾರೆ, ಎರಡೂ ಬೇಡ. ಅದು ಎಷ್ಟು ಕರೆಂಟು ಪೋಲಾಗುವುದಿಲ್ಲ ಅಂತ ಹೇಳುವ ಬಿಲ್ಲೆ, ಗಟ್ಟಿತನದ ಬಿಲ್ಲೆ ಅಲ್ಲ. 300 ವ್ಯಾಟ್ ಬೇಕಾದಾಗ 90% ದಕ್ಷತೆಯದ್ದು ಗೋಡೆಯಿಂದ 333 ಎಳೆಯುತ್ತದೆ, 85%ನದ್ದು 353. ದಿನಕ್ಕೆ ಐದು ಗಂಟೆ ದುಡಿಸಿದರೂ ವರ್ಷಕ್ಕೆ ಸುಮಾರು 36 ಯೂನಿಟ್ಟಿನ ವ್ಯತ್ಯಾಸ. ಬಿಲ್ ಉಳಿಸಲು ಗೋಲ್ಡ್ ತಗೊಳ್ಳುವವರು ನಿರಾಶರಾಗುತ್ತಾರೆ. ನಾನು ದುಡ್ಡು ಕೊಟ್ಟದ್ದು ಹತ್ತು ವರ್ಷದ ವಾರಂಟಿಗೆ.

ಇದರ ಹಿಂಬದಿಯಲ್ಲಿ ಹೈಬ್ರಿಡ್ ಅಂತ ಒಂದು ಬಟನ್ ಇದೆ. ಒತ್ತಿದರೆ ಕೆಲಸ ಕಮ್ಮಿ ಇರುವಾಗ ಫ್ಯಾನ್ ತಿರುಗುವುದಿಲ್ಲ, ಸದ್ದೇ ಇಲ್ಲ. ಬೆಂಗಳೂರಿನ ತಂಪಿಗೆ ಅದು ಸರಿ ಇರಬಹುದು, ನಮ್ಮ ಸೆಕೆಗೆ ಬೇಡ ಅಂತ ನನ್ನ ಲೆಕ್ಕ. ಫ್ಯಾನ್ ಯಾವಾಗಲೂ ಓಡಲಿ ಅಂತಲೇ ಇಟ್ಟಿದ್ದೇನೆ. ಕ್ಯಾಬಿನೆಟ್‌ನ ಸ್ಕ್ರೂಗಳೆಲ್ಲ ತುಕ್ಕು ಹಿಡಿದಿವೆ, ಇದು ಮಾತ್ರ ನಾಲ್ಕು ಮಳೆಗಾಲ ಕಳೆದರೂ ಒಂದು ಸಲವೂ ರೆಂಡರ್ ನಡುವೆ ಬಿಟ್ಟುಹೋಗಿಲ್ಲ. ನಡುವೆ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಿದೆ, ಅದಕ್ಕೆ ಎನ್ವಿಡಿಯಾ ಹೇಳುವುದು 550 ವ್ಯಾಟಿನ ಎಸ್‌ಎಂಪಿಎಸ್. ಮತ್ತೆ ಖರ್ಚು ಮಾಡಬೇಕಾಗಲಿಲ್ಲ. ಕರೆಂಟು ಹೋಗಿ ಯುಪಿಎಸ್ ಹಿಡಿದುಕೊಳ್ಳುವ ಆ ಕ್ಷಣದಲ್ಲಿ ಹಳೆಯದು ಆಫ್ ಆಗುತ್ತಿತ್ತು, ಇದು ಆಗಿಲ್ಲ. ಯುಪಿಎಸ್ ಅದೇ ಹಳೆಯದು.

ವೈರುಗಳೆಲ್ಲ ಬಿಚ್ಚಿ ಹಾಕುವಂಥವು. ಉಳಿದ ವೈರುಗಳನ್ನು ಅದೇ ಪೆಟ್ಟಿಗೆಯಲ್ಲಿಡಿ, ಬೇರೆ ಎಸ್‌ಎಂಪಿಎಸ್‌ನ ವೈರನ್ನು ಇದಕ್ಕೆ ಚುಚ್ಚಬೇಡಿ. ತೂತು ಹೊಂದುತ್ತದೆ, ಆದರೆ ಒಳಗಿನ ಪಿನ್ನುಗಳ ಕ್ರಮ ಬೇರೆ ಇರಬಹುದು, 5 ವೋಲ್ಟಿನ ಜಾಗಕ್ಕೆ 12 ನುಗ್ಗಿದರೆ ಹಾರ್ಡ್ ಡಿಸ್ಕಿನ ಕಥೆ ಮುಗಿಯಿತು.

ಬರೀ ಬಿಲ್ ಬರೆಯಲು, ಮೇಲ್ ನೋಡಲು ಕಂಪ್ಯೂಟರ್ ಇರುವವರಿಗೆ ಇಷ್ಟು ದೊಡ್ಡದು ಬೇಡ, ಒಳ್ಳೆಯ 450 ವ್ಯಾಟಿನ ಬ್ರಾಂಜ್ (ಗೋಲ್ಡಿಗಿಂತ ಕೆಳಗಿನ ದರ್ಜೆ) ಧಾರಾಳ. ಇನ್ನು ಸಿಡಿಲು. ಹತ್ತಿರ ಬಡಿದರೆ ಯಾವ ಎಸ್‌ಎಂಪಿಎಸ್ ಆದರೂ ತಡೆಯಲಿಕ್ಕಿಲ್ಲ. ಅಕ್ಟೋಬರಿನ ಸಂಜೆ ಗುಡುಗು ಕೇಳಿದ ಕೂಡಲೇ ನಾನು ಪ್ಲಗ್ ಎಳೆಯುತ್ತೇನೆ, ಇಂಟರ್ನೆಟ್ಟಿನ ವೈರೂ.