45 ಲಕ್ಷದ ಲೈಸೆನ್ಸ್: ಪೈಲಟ್ ತರಬೇತಿಯ ಶುಲ್ಕಪಟ್ಟಿಯನ್ನು ಮನೆಖರ್ಚಿನ ಪಕ್ಕ ಇಟ್ಟು ನೋಡಿದಾಗ

ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್ ಸಿಗಬೇಕಾದರೆ ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮದಂತೆ 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್, ಅಂದರೆ ವಿಮಾನದ ಪೂರ್ತಿ ಹೊಣೆ ಹೊತ್ತ ಪೈಲಟ್ ಆಗಿ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನ ಸರ್ಕಾರಿ ಅಕಾಡೆಮಿಯಲ್ಲೇ ಇದಕ್ಕೆ ಸುಮಾರು 45 ಲಕ್ಷ ರೂಪಾಯಿ. ಊಟ, ವಸತಿ, ಯೂನಿಫಾರ್ಮ್ ಬೇರೆ.

ಈಗ ಮನೆಯ ಕಡೆ ಬನ್ನಿ. ಕೇಂದ್ರದ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ಒಬ್ಬರ ಸರಾಸರಿ ತಿಂಗಳ ಖರ್ಚು ಪಟ್ಟಣದಲ್ಲಿ 6,996 ರೂಪಾಯಿ, ಹಳ್ಳಿಯಲ್ಲಿ 4,122. ನಾಲ್ವರಿರುವ ಪಟ್ಟಣದ ಮನೆಗೆ ತಿಂಗಳಿಗೆ 28 ಸಾವಿರ ಎಂದಾಯಿತು. ಅಕ್ಕಿ, ಬಾಡಿಗೆ, ಔಷಧಿ, ಮಕ್ಕಳ ಫೀಸು ಎಲ್ಲ ಸೇರಿ ಆ ಮನೆ 13 ವರ್ಷಕ್ಕೂ ಹೆಚ್ಚು ಕಾಲ ಖರ್ಚು ಮಾಡುವಷ್ಟು ದುಡ್ಡು ಒಂದು ಲೈಸೆನ್ಸಿಗೆ ಬೇಕು. ಹಳ್ಳಿಯ ಮನೆಗಾದರೆ ಹತ್ತಿರ ಹತ್ತಿರ 23 ವರ್ಷದ ಖರ್ಚು. ಇದು ಖರ್ಚಿನ ಅಂಕಿ, ಆದಾಯದ್ದಲ್ಲ, ನಿಜ. ಆದರೆ ಫೀಸು ಕಟ್ಟಬೇಕಾದ್ದು ಖರ್ಚು ಕಳೆದು ಉಳಿದದ್ದರಲ್ಲಿ, ಮತ್ತು ಹೆಚ್ಚಿನ ಮನೆಗಳಲ್ಲಿ ಉಳಿಯುವುದು ಅಷ್ಟಕ್ಕಷ್ಟೆ.

ಸಾಲ ಮಾಡಿದರೆ? 45 ಲಕ್ಷಕ್ಕೆ ಶೇ 11ರ ಬಡ್ಡಿ, 10 ವರ್ಷದ ಅವಧಿ ಎಂದು ಹಿಡಿದರೆ ಕಂತು ತಿಂಗಳಿಗೆ ಸುಮಾರು 62 ಸಾವಿರ. 7.5 ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಸೈಟನ್ನೋ ಮನೆಯನ್ನೋ ಅಡಮಾನ ಕೇಳುತ್ತವೆ. ಲೈಸೆನ್ಸ್ ಕೈಗೆ ಬಂದ ಮೇಲೂ ಏರ್‌ಲೈನ್ ವಿಮಾನದ ಟೈಪ್ ರೇಟಿಂಗ್‌ಗೆ, ಅಂದರೆ ಆ ಮಾದರಿಯ ವಿಮಾನ ಹಾರಿಸುವ ಅರ್ಹತೆಗೆ, ಮತ್ತೆ ಲಕ್ಷಗಟ್ಟಲೆ ಸುರಿಯಬೇಕು. ಅಪ್ಪ-ಅಮ್ಮನ ಏಕೈಕ ಸೂರನ್ನು ಇದಕ್ಕೆ ಪಣಕ್ಕಿಡಬೇಡಿ ಎಂದೇ ಹೇಳುತ್ತೇನೆ.

ದುಡ್ಡು ಸೋರುವ ಜಾಗ ರನ್‌ವೇಯ ಅಂಚಿನಲ್ಲಿದೆ. ಗಂಟೆ ಲೆಕ್ಕ ಶುರುವಾಗುವುದು ವಿಮಾನ ನೆಲ ಬಿಟ್ಟಾಗಲ್ಲ, ನಿಂತ ಜಾಗದಿಂದ ಕದಲಿದಾಗಲೇ. ಗಂಟೆಗೆ 15 ಸಾವಿರದ ದರದಲ್ಲಿ ಅನುಮತಿಗಾಗಿ 15 ನಿಮಿಷ ಎಂಜಿನ್ ಓಡಿಸಿಕೊಂಡು ಕಾದರೆ 3,750 ರೂಪಾಯಿ ಹೋಯಿತು. ತರಬೇತಿಯ ಪುಟ್ಟ ವಿಮಾನ ಸೆಸ್ನಾ 172 ಗಂಟೆಗೆ ಸುಮಾರು 30ರಿಂದ 35 ಲೀಟರ್ ಏವಿಗ್ಯಾಸ್, ಅಂದರೆ ವಿಮಾನದ ಪೆಟ್ರೋಲ್ ಕುಡಿಯುತ್ತದೆ. ಈ ಇಂಧನ 2022ರವರೆಗೂ ಪೂರ್ತಿ ಆಮದು. ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಂಥ ಕಡೆ ಯಲಹಂಕ ವಾಯುನೆಲೆ ಪಕ್ಕದಲ್ಲೇ ಇರುವುದರಿಂದ ಆಕಾಶ ಯಾವಾಗಲೂ ನಿಮ್ಮದೇ ಅಲ್ಲ. ಏರೋ ಇಂಡಿಯಾ ಸಮಯದಲ್ಲಂತೂ ನಿರ್ಬಂಧ ಖಚಿತ.

ಇನ್ನೊಂದು ಸೋರಿಕೆ ಗ್ಯಾಪು. ಮಳೆಗಾಲ, ಬಿಡಿಭಾಗಕ್ಕೆ ಕಾದು ಹ್ಯಾಂಗರಿನಲ್ಲಿ ಕೂತ ವಿಮಾನ, ಬೋಧಕರ ಕೊರತೆ: ಒಂದು ತಿಂಗಳು ಹಾರದಿದ್ದರೆ ಲ್ಯಾಂಡಿಂಗ್ ಕೈ ತಪ್ಪುತ್ತದೆ, ಕಲಿತದ್ದನ್ನೇ ಮತ್ತೆ ದುಡ್ಡು ಕೊಟ್ಟು ಹಾರಬೇಕು. ಅರ್ಜಿಯ ಹಿಂದಿನ ಆರು ತಿಂಗಳಲ್ಲಿ 15 ಗಂಟೆ ಕಮಾಂಡ್ ಹಾರಾಟ ಇರಲೇಬೇಕೆಂಬ ನಿಯಮ ಬೇರೆ ಇದೆ.

ಹಾಗಾಗಿ ಕ್ರಮ ಮುಖ್ಯ. ಮೊದಲು ಮೆಡಿಕಲ್, ಅಂದರೆ ಆರೋಗ್ಯ ತಪಾಸಣೆ. ಮೊದಲ ಹಂತದ ಕ್ಲಾಸ್ 2 ಆದ ಕೂಡಲೇ ಸಿಪಿಎಲ್‌ಗೆ ಬೇಕಾದ ಕ್ಲಾಸ್ 1 ಮುಗಿಸಿ, ಬೆಂಗಳೂರಿನವರಿಗೆ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಊರಲ್ಲೇ ಇದೆ. ಬಣ್ಣ ಗುರುತಿಸುವ ದೋಷ ಅಲ್ಲಿ ಸಿಕ್ಕಿದರೆ ಕಳೆದುಕೊಳ್ಳುವುದು ಕೆಲವು ಸಾವಿರ ಮಾತ್ರ. ಆಮೇಲೆ ನ್ಯಾವಿಗೇಶನ್, ಮೀಟಿಯರಾಲಜಿ, ರೆಗ್ಯುಲೇಶನ್ಸ್ ಪೇಪರುಗಳು. ಪಾಸಾಗಲು ಶೇ 70 ಬೇಕು. ಇವನ್ನು ಮುಗಿಸಿಯೇ ಹಾರಲು ಹೋದವರಿಗೆ ನಡುವೆ ತಡೆ ಕಡಿಮೆ.

ಶಾಲೆಗೆ ಹೋದಾಗ ಬ್ರೋಷರ್ ಪಕ್ಕಕ್ಕಿಟ್ಟು ಹ್ಯಾಂಗರ್ ನೋಡಿ: ಇವತ್ತು ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ವಿದ್ಯಾರ್ಥಿಗಳು ಎಷ್ಟು, ಕಳೆದ ತಿಂಗಳು ಒಬ್ಬೊಬ್ಬರು ಹಾರಿದ್ದು ಎಷ್ಟು ಗಂಟೆ? ಡಿಜಿಸಿಎ 2025ರಿಂದ ಶಾಲೆಗಳಿಗೆ ಶ್ರೇಣಿ ಕೊಡುತ್ತಿದೆ, ಅದನ್ನೂ ನೋಡಿ. ಪೂರ್ತಿ ಮುಂಗಡ ಕೇಳಿದರೆ ಒಪ್ಪಬೇಡಿ. ಹಾರಿದ ಗಂಟೆಗೆ ತಕ್ಕ ಕಂತು, ಬಿಟ್ಟರೆ ವಾಪಸಾತಿ ಎಷ್ಟು, ಎರಡನ್ನೂ ಬರೆಸಿಕೊಳ್ಳಿ. ಡಿಜಿಸಿಎ ಮಾನ್ಯತೆಯ ಶಾಲೆಯ ಅನುಮೋದಿತ ಕೋರ್ಸಿಗೆ ಜಿಎಸ್‌ಟಿ ವಿನಾಯಿತಿ ಇದೆ ಎಂದು 2024ರಲ್ಲೇ ಸ್ಪಷ್ಟಪಡಿಸಲಾಗಿದೆ. ಬಿಲ್ಲಿನಲ್ಲಿ ಜಿಎಸ್‌ಟಿಯ ಸಾಲು ಕಂಡರೆ ಕಾರಣ ಕೇಳಿ.

ಹಾರಬೇಕೆಂಬ ಆಸೆಯಷ್ಟೇ ಇರುವ ಕಾಲೇಜು ಹುಡುಗ ಹುಡುಗಿಯರಿಗೆ ಎನ್‌ಸಿಸಿ ಏರ್ ವಿಂಗ್ ಇದೆ. ಅಲ್ಲಿ ಮೈಕ್ರೋಲೈಟ್ ಎಂಬ ಹಗುರ ವಿಮಾನದ ಹಾರಾಟದ ಅನುಭವಕ್ಕೆ ಫೀಸು ಇಲ್ಲ.