ಲಗ್ನಪತ್ರಿಕೆ ಅಂಗಡಿಯ ಕಸ ಮತ್ತು ನಾಗರಬಾವಿ ಕಡೆಯ ಒಬ್ಬ ಅಕ್ಕ

ಬೆಂಗಳೂರಿನ ವಿಜಯನಗರದಲ್ಲಿ ನನ್ನದೊಂದು ಲಗ್ನಪತ್ರಿಕೆ ಅಂಗಡಿ ಇದೆ. ಪ್ರತಿ ವರ್ಷ ಸ್ಯಾಂಪಲ್ ಕಾರ್ಡುಗಳು ಹಳೆಯದಾಗುತ್ತವೆ. ಅವನ್ನು ಗಿರಾಕಿಯೂ ಮುಟ್ಟಲ್ಲ, ಗುಜರಿಯವರೂ ಮುಟ್ಟಲ್ಲ. ಗುಜರಿಯವರಿಗೆ ಬೇಕಾಗಿರೋದು ಬಿಳಿ ಹಾಳೆ ಕಟಿಂಗ್ ಮತ್ತು ರಟ್ಟು ಮಾತ್ರ. ಮಿಂಚು ಬಳಿದದ್ದು, ಲ್ಯಾಮಿನೇಷನ್ ಆದದ್ದು, ವೆಲ್ವೆಟ್ ಅಂಟಿಸಿದ ಡಬ್ಬಿ ಕಾರ್ಡು ಎಲ್ಲ ಅಟ್ಟದ ಮೇಲೆ ಕೂತಿರುತ್ತಿತ್ತು. ಈಗ ಅದನ್ನೆಲ್ಲ ನಾಗರಬಾವಿ ಕಡೆ, ರಾಜಕಾಲುವೆ ಪಕ್ಕದ ಒಂದು ಒಣ ಕಸದ ಕೇಂದ್ರಕ್ಕೆ ಕೊಡುತ್ತಿದ್ದೇನೆ. ನಮ್ಮ ಕಡೆ ಅಂಗಡಿ ಇಟ್ಟವರಿಗೆ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಕೇಂದ್ರ ನಡೆಸುವುದು ಒಬ್ಬ ಅಕ್ಕ. ಹೆಸರು ಹಾಕಬೇಡಿ ಅಂದಿದ್ದಾರೆ. ಹಿಂದೆ ಯಾರೋ ವಾಟ್ಸಾಪಲ್ಲಿ ಹಾಕಿ, ಜನ ಹಳೇ ಹಾಸಿಗೆ, ಮುರಿದ ಕಮೋಡ್ ಎಲ್ಲ ತಂದು ಗೇಟಿಗೆ ಒರಗಿಸಿ ಹೋದರಂತೆ.

ಜಾಗ ನೋಡೋಕೆ ಏನೂ ಇಲ್ಲ. ತಗಡಿನ ಶೆಡ್ಡು, ಸಾಲಾಗಿ ಗೋಣಿಚೀಲ, ಮೂಲೆಯಲ್ಲಿ ರಟ್ಟನ್ನು ಅದುಮಿ ಕಟ್ಟುವ ಮಷಿನ್ನು. ನಾಲ್ಕೈದು ಹೆಂಗಸರು ಕೂತು ಆರಿಸುತ್ತಿರುತ್ತಾರೆ. ನನ್ನ ಡಬ್ಬಿ ಕಾರ್ಡೊಂದನ್ನು ಅಕ್ಕ ಕೈಗೆತ್ತಿಕೊಂಡದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಹೆಬ್ಬೆರಳಲ್ಲಿ ಲೋಹದ ಗಣೇಶನನ್ನು ಕಿತ್ತು ಒಂದು ಸ್ಟೀಲ್ ಡಬ್ಬಿಗೆ ಹಾಕಿದರು. ಅದು ಕಾಲಿನ ಹತ್ತಿರ ಬೀಳಬಾರದು. ಆಮೇಲೆ ರಿಬ್ಬನ್ ಎಳೆದರು. ವೆಲ್ವೆಟ್ ಸುಲಿದು ಒಳಗಿನ ರಟ್ಟನ್ನು ಬೇರೆ ಚೀಲಕ್ಕೆ ಎಸೆದರು. ಕೊನೆಗೆ ಉಳಿದ ಹಾಳೆಯ ಒಂದು ಅಂಚನ್ನು ನಿಧಾನಕ್ಕೆ ಹರಿದು ನನ್ನ ಮುಂದೆ ಹಿಡಿದರು. ಹರಿದ ಕಡೆ ತೆಳ್ಳಗಿನ ಪ್ಲಾಸ್ಟಿಕ್ ಎಳೆ ಜಗ್ಗಿ ನಿಂತಿತ್ತು. "ಇದು ಪೇಪರ್ ಅಲ್ಲ ಅಣ್ಣ, ಇದಕ್ಕೆ ದುಡ್ಡಿಲ್ಲ," ಅಂದರು. ಇಂಥದ್ದು, ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಚೆ ಎಲ್ಲ ಸಿಮೆಂಟ್ ಫ್ಯಾಕ್ಟರಿಗೆ ಉರುವಲಾಗಿ ಹೋಗುತ್ತದೆ. ನಾನು ಇಷ್ಟು ವರ್ಷ ಮಾರಿದ ಕಾರ್ಡನ್ನು ಹೀಗೆ ಪದರ ಪದರ ಬಿಡಿಸಿದ್ದು ಅವರೇ ಮೊದಲು.

ರೇಟಿನ ವಿಷಯಕ್ಕೆ ಬರೋಣ. ಪೇಪರು, ರಟ್ಟಿಗೆ ಗುಜರಿಗಿಂತ ಕೆಜಿಗೆ ಎರಡು ಮೂರು ರೂಪಾಯಿ ಕಡಿಮೆ ಕೊಡುತ್ತಾರೆ. ನನ್ನ ಪಕ್ಕದ ಅಂಗಡಿಯವರು ಇದೇ ಕಾರಣಕ್ಕೆ ಅಲ್ಲಿಗೆ ಹೋಗಲ್ಲ. ನನಗೆ ಇದು ತಪ್ಪು ಲೆಕ್ಕ ಅನ್ಸುತ್ತೆ. ಗುಜರಿಯವರು ಕಾಸು ಬರುವುದನ್ನಷ್ಟೇ ಎತ್ತಿಕೊಂಡು ಉಳಿದದ್ದನ್ನು ನಮ್ಮ ತಲೆಗೆ ಕಟ್ಟುತ್ತಾರೆ. ಈ ಅಕ್ಕ ಎರಡನ್ನೂ ತಗೊಳ್ಳುತ್ತಾರೆ. ಆರಿಸುವವರಿಗೆ ದಿನದ ಕೂಲಿ ಬೇರೆ ಕೊಡಬೇಕು. ಆ ಎರಡು ರೂಪಾಯಿ ಎಲ್ಲಿ ಹೋಯ್ತು ಅಂತ ಕೇಳೋ ಅಗತ್ಯವೇ ಇಲ್ಲ, ಅಲ್ವಾ?

ತೂಕ ಮಾತ್ರ ಚೊಕ್ಕ. ಅಕ್ಕ ತಕ್ಕಡಿಯ ಅಂಕಿ ಕಾಣುವ ಬದಿಯನ್ನು ತಂದವರ ಕಡೆ ತಿರುಗಿಸಿಟ್ಟಿದ್ದಾರೆ. ನನ್ನಂಥವರಿಗಿಂತ ಜಾಸ್ತಿ ಇದು ಬೇಕಿರುವುದು ಬೀದಿಯಲ್ಲಿ ಆಯ್ದು ತರುವ ಹೆಂಗಸರಿಗೆ. ಅಕ್ಕನೂ ಚಿಕ್ಕಂದಿನಿಂದ ಹೆಗಲಿಗೆ ಚೀಲ ಹಾಕಿಕೊಂಡು ಆಯ್ದವರೇ. ಆಗ ಗುಜರಿ ಅಂಗಡಿಗೆ ಚೀಲ ಹೊತ್ತು ಹೋದರೆ ತಕ್ಕಡಿಯ ಮುಖ ಯಾವಾಗಲೂ ಅಂಗಡಿಯವರ ಕಡೆಗೇ ಇರುತ್ತಿತ್ತು ಅನ್ನುತ್ತಾರೆ. ಮಕ್ಕಳ ಕಾಯಿಲೆ, ಸ್ಕೂಲ್ ಫೀಸು ಅಂತ ಮುಂಗಡ ತಗೊಂಡರೆ ಮುಗೀತು. ಸಾಲ ತೀರುವ ತನಕ ಅದೇ ಅಂಗಡಿಗೆ, ಅವರು ಹೇಳಿದ ರೇಟಿಗೇ ಹಾಕಬೇಕು. ಈಗ ಅಕ್ಕ ಸಂಜೆ ಲೆಕ್ಕ ಮಾಡಿ ಅವತ್ತೇ ಕಾಸು ಕೊಡುತ್ತಾರೆ. ಜೂನ್‌ನಲ್ಲಿ ಸ್ಕೂಲು ಶುರುವಾಗುವ ಹೊತ್ತಿಗೆ ಬಡ್ಡಿ ಇಲ್ಲದೆ ಸ್ವಲ್ಪ ಮುಂಗಡವನ್ನೂ ಕೊಡುತ್ತಾರೆ. ರೇಟು ಮಾತ್ರ ಎಲ್ಲರಿಗೂ ಒಂದೇ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿದೆ.

ಇದೆಲ್ಲ ಸುಮ್ನೆ ಆದದ್ದಲ್ಲ. ಊರುಗಳ ಕಸದ ವಿಲೇವಾರಿ ಸರಿಯಿಲ್ಲ ಅಂತ ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು, 2000ದಲ್ಲಿ ದೇಶಕ್ಕೆಲ್ಲ ಕಸದ ನಿಯಮ ಬಂತು. ನಳಿನಿ ಶೇಖರ್ ಮತ್ತು ಜೊತೆಯವರು ಕಟ್ಟಿದ ಹಸಿರು ದಳ ಅನ್ನೋ ಸಂಸ್ಥೆ ಇಲ್ಲಿನ ಕಸ ಆಯುವವರನ್ನು ಒಗ್ಗೂಡಿಸಿತು. 2011ರಲ್ಲಿ ಆಗಿನ ಬಿಬಿಎಂಪಿ ಅವರಿಗೆ ಗುರುತಿನ ಚೀಟಿ ಕೊಡಲು ಶುರು ಮಾಡಿತು. ಮರುವರ್ಷ, ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ ಸಿಟ್ಟಿಗೆದ್ದು, ಊರೆಲ್ಲ ಕಸ ನಿಂತು ನಾರಿದಾಗಲೇ ನಾವು ಹಸಿ, ಒಣ ಅಂತ ಬೇರೆ ಮಾಡೋಕೆ ಕಲಿತದ್ದು. ಅಕ್ಕ ತಮ್ಮ ಚೀಟಿಯನ್ನು ಪರ್ಸಲ್ಲೇ ಇಟ್ಟಿದ್ದಾರೆ. ಬೆಳಗಿನ ಜಾವ ಚೀಲ ಹಿಡಿದು ಹೊರಟರೆ "ಎಲ್ಲಿ ಕದ್ದೆ" ಅಂತ ತಡೆಯುವವರಿಗೆ ತೋರಿಸಲು ಮೊದಲು ಸಿಕ್ಕಿದ ಕಾಗದ ಅದು. ನಾನು ಪ್ರಿಂಟಿಂಗಿನವನು, ಕಣ್ಣು ಹೋದದ್ದು ಚೀಟಿಯ ಲ್ಯಾಮಿನೇಷನ್ ಕಡೆಗೆ. ಅಂಚೆಲ್ಲ ಬಿಟ್ಟಿದೆ. ಹೊಸದಾಗಿ ಮಾಡಿಕೊಡ್ತೀನಿ ಅಂದರೆ, ಬಿಚ್ಚಿದರೆ ಸೀಲು ಹಾಳಾಗುತ್ತೆ, ಬೇಡ ಅಂದರು.

ದೂರುಗಳೂ ಇವೆ. ಬೋರ್ಡಿಲ್ಲ, ಮೊದಲ ಸಲ ಹೋದವರು ಕಾಲುವೆ ಪಕ್ಕ ಸುತ್ತಾಡಬೇಕು. ಮಧ್ಯಾಹ್ನದವರೆಗೆ ಫೋನ್ ಎತ್ತಲ್ಲ. ಆಟೊ ಕಳಿಸ್ತೀನಿ ಅಂದ ದಿನ ಕಳಿಸದೆ ಮರುದಿನ ಕಳಿಸಿದ್ದೂ ಉಂಟು. ರಸೀದಿ ಕೈಬರಹದ್ದು, ಜಿಎಸ್‌ಟಿ ಲೆಕ್ಕಕ್ಕೆ ಬೇಕು ಅನ್ನುವವರಿಗೆ ಸರಿಹೋಗಲ್ಲ. ಮಳೆಗಾಲದಲ್ಲಿ ಶೆಡ್ಡಿನೊಳಗೆ ಸೊಳ್ಳೆ. ಆರಿಸುವವರಲ್ಲಿ ಕೆಲವರು ಗ್ಲೌಸ್ ಹಾಕಲ್ಲ, ಕಾರ್ಡಿನ ಅಂಟು ಕೈಗೆ ತಿಳಿಯಬೇಕಂತೆ. ಈ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಒಡೆದ ಗಾಜು ಬಂದೇ ಬರುತ್ತದೆ.

ಹೋಗುವವರಿಗೆ: ಸಂಜೆ ನಾಲ್ಕರ ನಂತರ ಹೋಗಿ, ಬಿಡುವಾಗಿರುತ್ತಾರೆ. ಊಟದ ಪಾರ್ಸೆಲ್ ಡಬ್ಬಿಗಳನ್ನು ತೊಳೆದು ಒಣಗಿಸಿ ಕೊಡಿ, ಎಣ್ಣೆ ಮೆತ್ತಿದ್ದನ್ನು ವಾಪಸ್ ಕಳಿಸುತ್ತಾರೆ. ಗಾಜನ್ನು ಬೇರೆ ಕಟ್ಟಿ ಮೇಲೆ ದೊಡ್ಡದಾಗಿ ಬರೆಯಿರಿ. ನಾನು ಈಗ ಲ್ಯಾಮಿನೇಷನ್ ಇಲ್ಲದ ಕಾರ್ಡುಗಳನ್ನು ಶೋಕೇಸಿನ ಮುಂದಿನ ಸಾಲಿಗೆ ತಂದಿದ್ದೇನೆ. ಗಿರಾಕಿಗಳು ಇನ್ನೂ ಮಿಂಚಿನದ್ದನ್ನೇ ಕೇಳುತ್ತಾರೆ, ಅದು ಬೇರೆ ಮಾತು.